ಐದು ಕಿಂಡಿ, ಮೂವತ್ತಾರು ಗುಣ

ಕಿಬ್ಬನಹಳ್ಳಿ ಕ್ರಾಸಿನ ಚಿತ್ತಪ್ಪನ ಕಂಪ್ಯೂಟರಿಗೆ ಬೆನ್ನಿನಲ್ಲಿ ಎರಡೇ ಎರಡು ಯುಎಸ್‌ಬಿ ಕಿಂಡಿಗಳಿದ್ದವು. ಅದರಲ್ಲಿ ಒಂದನ್ನು ಎದುರಿನ ಟೀ ಹೋಟೆಲಿನ ಮಾಯಣ್ಣ ಕೊಂದು ಹಾಕಿದ್ದ. ಮೊಮ್ಮಗುವಿನ ನಾಮಕರಣದ ಫೋಟೋ ನೋಡಬೇಕೆಂದು ಯಾರದೋ ಪೆನ್ ಡ್ರೈವ್ ತಂದವನು, ಅದನ್ನು ತಲೆಕೆಳಗಾಗಿ ಇಟ್ಟು, "ಹೋಗ್ತದೆ ಬುಡು, ವಸಿ ಬಿಗಿ ಐತೆ ಅಷ್ಟೆ" ಎಂದು ದನದ ಗೂಟ ಬಡಿಯುವವನಂತೆ ಅಂಗೈಯಿಂದ ಒಂದು ಕೊಟ್ಟಿದ್ದ. ಪೆನ್ ಡ್ರೈವ್ ಒಳಗೆ ಹೋಯಿತು. ಕಿಂಡಿಯೂ ಹೋಯಿತು.

ಅಲ್ಲಿಗೆ ಉಳಿದದ್ದು ಒಂದು ಕಿಂಡಿ. ಕಷ್ಟ ಶುರುವಾದದ್ದೇ ಅಲ್ಲಿಂದ.

ಚಿತ್ತಪ್ಪ ಮೊದಲು ಟೈಲರ್. ಸೂಜಿಯ ಕಣ್ಣು ಕಾಣದಾದ ಮೇಲೆ ಹೊಲಿಗೆ ಮೆಷಿನ್ ಮಾರಿ, ಕಂಪ್ಯೂಟರ್ ಕೊಂಡು, ಬಸ್ ಸ್ಟ್ಯಾಂಡಿನ ಪಕ್ಕದ ಅದೇ ಅಂಗಡಿಗೆ 'ಕಂಪ್ಯೂಟರ್ ಜಾತಕ ಕೇಂದ್ರ' ಎಂದು ಬೋರ್ಡು ಬರೆಸಿದ್ದ. ಜಾತಕ ಹಾಕುವುದು ಚಿತ್ತಪ್ಪನಲ್ಲ, ಅದರೊಳಗಿನ ಪ್ರೋಗ್ರಾಮು. ಅದು ಓಡಬೇಕಾದರೆ ಹೆಬ್ಬೆರಳಿನಷ್ಟು ದೊಡ್ಡದೊಂದು 'ಲಾಕು' ಯುಎಸ್‌ಬಿ ಕಿಂಡಿಯಲ್ಲಿ ಸದಾ ಸಿಕ್ಕಿಕೊಂಡಿರಬೇಕು. ಕಿತ್ತರೆ, 'ಲಾಕ್ ಕಾಣಿಸುತ್ತಿಲ್ಲ' ಎಂಬ ಒಂದು ಸಾಲು ಬಂದು ಒಂಬತ್ತು ಗ್ರಹಗಳೂ ಮಾಯ. ಪ್ರಿಂಟರಿಗೂ ಅದೇ ಕಿಂಡಿ ಬೇಕು. ಲಾಕು ಸಿಕ್ಕಿಸಿದರೆ ಜಾತಕ ಇದೆ, ಅಚ್ಚಿಲ್ಲ. ಪ್ರಿಂಟರು ಸಿಕ್ಕಿಸಿದರೆ ಅಚ್ಚಿದೆ, ಜಾತಕವಿಲ್ಲ.

ಮೂರು ತಿಂಗಳಿಂದ ಚಿತ್ತಪ್ಪ ಪರದೆ ನೋಡಿ ಕೈಯಲ್ಲೇ ಬರೆದು ಕೊಡುತ್ತಿದ್ದ. ಅಳತೆ ಗೀಚಿ ಅಭ್ಯಾಸವಾದ ಕೈ. ಕಳೆದ ವಾರ ಅರಳಗುಪ್ಪೆಯ ಕಡೆಯವನೊಬ್ಬ ವಾಪಸ್ಸು ಬಂದು, "ಏಳನೇ ಮನೇಲಿ ಹನಿ ಅಂತ ಬರ್ದಿದೀರಲ್ಲ ಸ್ವಾಮಿ, ಎಲ್ಲಿ ಸೋರ್ತೈತೆ?" ಎಂದು ಕೇಳಿದ್ದ. ಚಿತ್ತಪ್ಪ ಬರೆದಿದ್ದದ್ದು ಶನಿ.

ಶನಿವಾರವೇ ಅವನು ತಿಪಟೂರಿಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ತನ್ನ ಗೋಳು ತೋಡಿಕೊಂಡ. ಅಂಗಡಿಯಾತ ಅಂಗೈಯಗಲದ ಹಸಿರು ಕಾರ್ಡೊಂದನ್ನು ತೆಗೆದು ಮುಂದಿಟ್ಟ.

"ಇದನ್ನ ಬಾಕ್ಸ್ ಒಳಗೆ ಕೂರಿಸಿದ್ರೆ ಹಿಂದುಗಡೆ ನಾಲ್ಕು ಪೋರ್ಟ್ ಬರ್ತವೆ. ಒಳಗಡೆ ಒಂದು."

"ಒಳಗಡೆ ಯಾಕೆ ಸ್ವಾಮಿ? ಮುಚ್ಚಳ ಹಾಕಿದ್ ಮೇಲೆ ಯಾರಿಗೆ ಕಾಣ್ತದೆ?"

"ಕಾಣಬಾರದು ಅಂತಲೇ. ಯಾರೂ ಮುಟ್ಟಬಾರದ್ದನ್ನ ಅಲ್ಲಿ ಸಿಕ್ಕಿಸಿ ಮುಚ್ಚಿಬಿಡೋದು. ನಿಮ್ಮ ಲಾಕ್ ಇದೆಯಲ್ಲ, ಅದಕ್ಕೆ ಹೇಳಿ ಮಾಡಿಸಿದ್ದು."

ಚಿತ್ತಪ್ಪನ ಮೈ ಜುಮ್ಮೆಂದಿತು. ಮುಟ್ಟಬಾರದ್ದಕ್ಕೆಂದು ಕಂಪ್ಯೂಟರಿನೊಳಗೂ ಒಂದು ಗರ್ಭಗುಡಿಯಿದೆ ಎಂದು ಇಷ್ಟು ದಿನ ಯಾರೂ ಅವನಿಗೆ ಹೇಳಿರಲಿಲ್ಲ. ಕಾರ್ಡನ್ನು ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಪಕ್ಕದವನ ಮೊಣಕೈ ತಾಗದಂತೆ ಕಾಯುತ್ತ ಊರಿಗೆ ತಂದ. ಕೂರಿಸಿಕೊಡುವವರು ಗುರುವಾರ ಬರುತ್ತೇವೆಂದಿದ್ದರು. ಚಿತ್ತಪ್ಪನಿಗೂ ಅವಸರವಿರಲಿಲ್ಲ.

ಆದರೆ ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆ ಫೋನು ಹೊಡೆದುಕೊಂಡಿತು. ಅರಳಗುಪ್ಪೆಯ ಹೊಂಬಾಳಮ್ಮ. ಎಂಟೆಕರೆ ತೆಂಗಿನ ತೋಟದ ಯಜಮಾನಿ. ಆಕೆ ಮಾತಾಡಿದರೆ ಫೋನು ಕಿವಿಯಿಂದ ಒಂದು ಗೇಣು ದೂರವಿದ್ದರೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಚಿತ್ತಪ್ಪಾ, ನಮ್ ಧನುಶ್ರೀ ಜಾತ್ಕ ಹೊಂದಾಣಿಕೆ ನೋಡ್ಬೇಕು ಕಣಯ್ಯ. ಹುಡುಗ ಹುಳಿಯಾರಿನೋನು, ಅರುಣ್ ಕುಮಾರ ಅಂತ, ಮೇಷ್ಟ್ರು. ಒಬ್ಬ ಜೋಯಿಸ್ರು ಆಗ್ತದೆ ಅಂದ್ರು, ಇನ್ನೊಬ್ರು ಆಗಾಕಿಲ್ಲ ಅಂದ್ರು. ನಿನ್ ಕಂಪ್ಯೂಟ್ರು ಏನಂತದೋ ಅದೇ ಕಡೇ ಮಾತು. ಮಧ್ಯಾಹ್ನ ಬತ್ತೀನಿ. ಕೈಬರಹ ಗಿಯ್‌ಬರಹ ಬ್ಯಾಡ. ಅಚ್ಚಾಗಿರ್ಬೇಕು."

ಫೋನಿಟ್ಟ ಚಿತ್ತಪ್ಪ ಕಂಪ್ಯೂಟರನ್ನು ನೋಡಿದ. ಟವಲಿನ ಗಂಟು ನೋಡಿದ. ಆಮೇಲೆ ಪಕ್ಕದ ಅಂಗಡಿಯ ಈರಣ್ಣನನ್ನು ಕೂಗಿದ.

ಈರಣ್ಣ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವವನು. ಮೂರು ತಾಲ್ಲೂಕಿನ ಬೋರ್‌ವೆಲ್ಲುಗಳು ಅವನ ಕೈಯಲ್ಲಿ ಉಸಿರಾಡುತ್ತಿದ್ದವು. ಸ್ಕ್ರೂ ಡ್ರೈವರ್ ಹಿಡಿದು ಬಂದವನ ಹಿಂದೆ, ಕರೆಯದಿದ್ದರೂ, ಟೀ ಸೋಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮಾಯಣ್ಣನೂ ಬಂದ.

"ಬಿಚ್ಚೋದಾ? ಬಿಚ್ಚಿ ಬುಡನ. ಮನುಷ್ಯ ಮಾಡಿದ್ದನ್ನ ಮನುಷ್ಯ ಬಿಚ್ಚಾಕಾಗಲ್ವಾ?" ಎಂದ ಈರಣ್ಣ, ತೋಳೇರಿಸುತ್ತ.

ನಾಲ್ಕು ಸ್ಕ್ರೂ ಬಂದವು. ಮುಚ್ಚಳ ಸರಿಯಿತು. ಹಿಂದಿನ ಓಣಿಯ ನಾರಿನ ಕಾರ್ಖಾನೆಯಿಂದ ಐದು ವರ್ಷ ಹಾರಿಬಂದ ಕಂದು ಧೂಳು ಮೆಲ್ಲಗೆ ಎದ್ದಿತು. ಚಿತ್ತಪ್ಪ ಹಳೆಯ ಬ್ರಶ್ಶಿನಿಂದ ಅದನ್ನು ತಳ್ಳಿ ತಳ್ಳಿ, ಟಾರ್ಚು ಹಾಕಿದ.

ಮೂವರೂ ತಲೆ ಸೇರಿಸಿ ಇಣುಕಿದರು.

ಒಳಗೊಂದು ಊರಿತ್ತು. ಹಸಿರು ನೆಲ, ಅದರ ತುಂಬ ಕೂದಲೆಳೆಯಷ್ಟು ಸಣ್ಣ ಬೆಳ್ಳಿಯ ಕಾಲುವೆಗಳು, ಒಂದಕ್ಕೊಂದು ತಾಗದೆ, ಒಂದರ ಪಾಲಿನ ನೀರನ್ನು ಇನ್ನೊಂದು ಕದಿಯದೆ, ಸಾಲುಸಾಲಾಗಿ ತಿರುಗಿ ಓಡುತ್ತಿದ್ದವು. ಅಲ್ಲಲ್ಲಿ ನೂರು ಕಾಲಿನ ಕಪ್ಪು ಮನೆಗಳು. ನೀರಿನ ಟ್ಯಾಂಕಿನ ಹಾಗೆ ನಿಂತ ಪುಟ್ಟ ಪುಟ್ಟ ಡಬ್ಬಿಗಳು. ನಟ್ಟನಡುವೆ ಒಂದು ಫ್ಯಾನು, ಊರಗೌಡನ ಹಾಗೆ. ಚಿತ್ತಪ್ಪ ಐದು ವರ್ಷದಿಂದ ಈ ಡಬ್ಬದ ಮೇಲೆ ಟೀ ಲೋಟ ಇಡುತ್ತಿದ್ದ. ಈಗ ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನಿನ ಹಿಂದಿಟ್ಟುಕೊಂಡ.

ಮಾಯಣ್ಣ ಸದ್ದಿಲ್ಲದೆ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದ.

ಈರಣ್ಣ ಬಹಳ ಹೊತ್ತು ಬಗ್ಗಿ ನೋಡಿದ. "ಇಪ್ಪತ್ತು ವರ್ಷದಿಂದ ತಾಮ್ರ ಸುತ್ತುತಾ ಇವ್ನಿ ಕಣ್ಲಾ ಚಿತ್ತ. ಇಲ್ಲಿ ಸುತ್ತೇ ಇಲ್ಲ! ಬರೀ ಗೆರೆ. ಈ ಗೆರೆ ಮೇಲೇ ಕರೆಂಟು ನಡೀತದಾ?"

"ನಡೀತದಂತೆ."

"ಇಷ್ಟು ಕಿರಿದಾದ ಬದಿನ ಮ್ಯಾಲೆ? ಎಡವಲ್ವಾ?"

"ಎಡವಿದ್ರೆ ಜಾತ್ಕ ತಪ್ತಿತ್ತಲ್ಲ" ಎಂದ ಚಿತ್ತಪ್ಪ ಪಿಸುದನಿಯಲ್ಲಿ. ಯಾಕೋ ಜೋರಾಗಿ ಮಾತಾಡಲು ಮನಸ್ಸು ಬರಲಿಲ್ಲ.

ಆಗ ಮಾಯಣ್ಣನ ಕಣ್ಣು ಒಂದು ಮೂಲೆಯಲ್ಲಿ ನೆಟ್ಟಿತು. "ಅಗೋ! ಎರಡ್ರೂಪಾಯಿ! ಯಾರೋ ಹರಕೆ ಹಾಕವ್ರೆ ನೋಡು!" ಎಂದವನೇ ಉಗುರು ತೂರಿಸಿ, ಬೆಳ್ಳಗೆ ಹೊಳೆಯುತ್ತಿದ್ದ ದುಂಡನೆಯದೊಂದನ್ನು ಟಕ್ಕನೆ ಎಬ್ಬಿಸಿ ಅಂಗೈಗೆ ಹಾಕಿಕೊಂಡ.

"ಏಯ್! ಅದು ಸೆಲ್ಲು ಮಾಯಣ್ಣ, ಕಾಸಲ್ಲ! ಮಡಗು ಅಲ್ಲೇ!" ಎಂದು ಈರಣ್ಣ ಕೂಗಿದ.

ಮಾಯಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಈರಣ್ಣನಿಗೆ ಕೊಟ್ಟ. ಈರಣ್ಣ ಎರಡೂ ಬದಿ ತಿರುಗಿಸಿ ನೋಡಿ, ಅಂಗಿಗೆ ಒರೆಸಿ, ಇದ್ದಲ್ಲೇ ಒತ್ತಿದ. ಇಷ್ಟಾಗಲು ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಹಿಡಿಯಿತು.

ಕಾರ್ಡು ಕೂರಿಸುವುದು ಬಾಕಿ. ಅಂಗಡಿಯಾತ ಹೇಳಿದ್ದ ಬಿಳಿಯ ಸೀಳನ್ನು ಚಿತ್ತಪ್ಪ ಹುಡುಕಿದ. ಕಾರ್ಡಿಟ್ಟು ಒತ್ತಿದ, ಕೂರಲಿಲ್ಲ. ಇನ್ನೂ ಒತ್ತಲು ಭಯ. "ಊರು ಮುರಿದೋದಾತು" ಎಂದು ಮಾಯಣ್ಣ ಎಚ್ಚರಿಸಿದ. ಕೊನೆಗೆ ಈರಣ್ಣ ಕಣ್ಣು ಮುಚ್ಚಿ, ಉಸಿರು ಹಿಡಿದು, ಎರಡೂ ಹೆಬ್ಬೆರಳಿಟ್ಟು ಅದುಮಿದ. ಕಟಕ್! ಏನೂ ಮುರಿದಿರಲಿಲ್ಲ. ಕಾರ್ಡು, ತವರಿಗೆ ಬಂದ ಮಗಳ ಹಾಗೆ ಕೂತುಬಿಟ್ಟಿತ್ತು.

ಚಿತ್ತಪ್ಪ ಲಾಕನ್ನು ಒಳಗಿನ ಕಿಂಡಿಗೆ ತಾನೇ ತನ್ನ ಕೈಯಾರೆ ಸಿಕ್ಕಿಸಿದ. ಮುಚ್ಚಳ ಮುಚ್ಚಿದರು. ಈರಣ್ಣ ಅಭ್ಯಾಸಬಲದಿಂದ, ಹತ್ತು ಎಚ್‌ಪಿ ಮೋಟಾರಿಗೆ ಬಿಗಿಯುವಂತೆ ಸ್ಕ್ರೂ ಬಿಗಿದ. ಕೊನೆಯ ತಿರುವಿಗೆ ಸ್ಕ್ರೂಗಳ ತಲೆಗಳೇ ಸವೆದು ನುಣ್ಣಗಾದವು.

"ಇನ್ನು ಇದನ್ನ ಯಾವನು ಮುಟ್ತಾನೆ ಮುಟ್ಲಿ ನೋಡನ."

ಕಂಪ್ಯೂಟರ್ ಹಾಕಿದರು. ಅದು ಒಮ್ಮೆ ಕುಯ್ಯೆಂದಿತು. ಪರದೆಯಲ್ಲಿ ಏನೋ ಇಂಗ್ಲಿಷು ಬಂದು ಎಫ್ ಒಂದನ್ನು ಒತ್ತು ಎಂದು ಕೇಳಿತು, ಚಿತ್ತಪ್ಪ ಒತ್ತಿದ. ಜಾತಕದ ಪ್ರೋಗ್ರಾಮು ಗಣಪತಿಯ ಚಿತ್ರದೊಂದಿಗೆ ಬೆಳಗಿತು. ಪ್ರಿಂಟರಿನ ದೀಪವೂ ಹತ್ತಿತು. ಎರಡೂ, ಒಂದೇ ಹೊತ್ತಿಗೆ! ಡಬ್ಬದ ಪಕ್ಕದ ಗಾಳಿಕಿಂಡಿಯಲ್ಲಿ ಇಣುಕಿದರೆ, ಒಳಗಿನ ಕತ್ತಲಲ್ಲಿ ಲಾಕಿನ ಹಸಿರು ಬೆಳಕು ನಂದಾದೀಪದಂತೆ ಉರಿಯುತ್ತಿತ್ತು. ಮಾಯಣ್ಣ ಹೋಟೆಲಿನಿಂದ ಒಂದು ಊದುಬತ್ತಿ ತಂದು ಹಚ್ಚಿದ.

ಹನ್ನೆರಡೂವರೆಯ ಬಸ್ಸಿಗೆ ಹೊಂಬಾಳಮ್ಮ ಇಳಿದಳು. ಹಿಂದೆ ಮಗಳು ಧನುಶ್ರೀ, ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ. ಅವಳ ಹಿಂದೆ, ಎರಡು ಚೀಲ ಮತ್ತು ಒಂದು ಛತ್ರಿ ಹೊತ್ತ ರಂಗರಾಜು, ಹೊಂಬಾಳಮ್ಮನ ಗಂಡ. ರಂಗರಾಜು ಮಾತಾಡಿದ್ದನ್ನು ಕ್ರಾಸಿನಲ್ಲಿ ಯಾರೂ ಕೇಳಿರಲಿಲ್ಲ. ಅವರ ಮಾತಿನ ಪಾಲನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು.

ಚಿತ್ತಪ್ಪ ಹುಡುಗಿಯದೂ ಹುಡುಗನದೂ ಹುಟ್ಟಿದ ದಿನ, ವೇಳೆ, ಊರು ಕುಟ್ಟಿದ. ಪ್ರಿಂಟರು ಗುರ್ ಎಂದು ಮೊದಲ ಹಾಳೆ ಉಗುಳಿತು. ಹೊಂಬಾಳಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು.

"ಕನ್ಯೆಯ ಹೆಸರು ಧನುಶ್ರೀ. ಜನನ ಸಾವಿರದ ಒಂಬೈನೂರಾ ಎಂಬತ್ನಾಲ್ಕು. ಈಗಿನ ವಯಸ್ಸು... ಇನ್ನೂ ಜನನವಾಗಿಲ್ಲ."

ಎಲ್ಲರೂ ಧನುಶ್ರೀಯನ್ನು ನೋಡಿದರು. ಅವಳು ಹುಟ್ಟಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ.

"ಏನಯ್ಯಾ ಇದು? ಇಪ್ಪತ್ತೆರಡು ವರ್ಷ ಸಾಕಿದೀನಿ, ಇನ್ನೂ ಹುಟ್ಟಿಲ್ವಂತೆ?"

ಚಿತ್ತಪ್ಪ ಹಾಳೆಗೆ ಕೈ ಚಾಚಿದ. ಅಷ್ಟರಲ್ಲಿ ಹೊಂಬಾಳಮ್ಮನ ಬೆರಳು ಹಾಳೆಯ ಕೆಳಭಾಗಕ್ಕೆ ಜಾರಿತ್ತು. ಅಲ್ಲಿ 'ಮುಂಬರುವ ವಿವಾಹ ಮುಹೂರ್ತಗಳು' ಎಂದು ಪಟ್ಟಿಯಿತ್ತು. ಓದುತ್ತಿದ್ದ ಆಕೆಯ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಎಂಬತ್ತನೇ ಇಸವಿ... ಫೆಬ್ರವರಿ ಇಪ್ಪತ್ತೊಂದು, ಗುರುವಾರ, ಫಾಲ್ಗುಣ ಶುದ್ಧ ಪಂಚಮಿ..." ಕನ್ನಡಕ ತೆಗೆದು ಗಂಡನ ಕಡೆ ತಿರುಗಿದಳು. "ರೀ. ಇದು ನಮ್ ಮದ್ವೆ ಕಣ್ರೀ!"

ರಂಗರಾಜು ಚೀಲ ಕೆಳಗಿಟ್ಟರು.

"ಸೂರ್ಯಗ್ರಾಣ ಆಗಿ ಐದನೇ ದಿನ. ಬ್ಯಾಡ ಬ್ಯಾಡ ಅಂತ ಊರೋರೆಲ್ಲಾ ಅಂದ್ರೂ ನಮ್ಮಪ್ಪ ಅದೇ ದಿನ ಧಾರೆ ಎರೆದ್ರು. ಚಿತ್ತಪ್ಪಾ, ನಾನು ನಿಂಗೆ ಹೇಳಿದ್ನಾ? ಈ ಡಬ್ಬಕ್ಕೆ ಹೇಳಿದ್ನಾ?"

"ಇಲ್ಲಮ್ಮ" ಎಂದ ಚಿತ್ತಪ್ಪ, ನಿಜವನ್ನೇ.

"ಮಗಳು ಹುಟ್ಟೋಕೆ ಮುಂಚಿನ ಕಾಲಕ್ಕೋಗಿ ತಾಯಿ ಮದ್ವೆ ನೋಡ್ಕೊಂಡ್ ಬಂದೈತೆ!" ಎಂದ ಮಾಯಣ್ಣ, ರೋಮಾಂಚನದಿಂದ. "ಬೆಳಿಗ್ಗೆ ಒಳಗೆ ಲಾಕು ಮಡಗಿದ್ವಿ ನೋಡಿ ಅಮ್ಮೋರೇ. ಆವಾಗ್ಲಿಂದ ಇದ್ರ ಕಣ್ಣು ತೆರಕೊಂಡ್ಬುಡ್ತು!"

ಹೊಂಬಾಳಮ್ಮ ಕಂಪ್ಯೂಟರಿಗೆ ಕೈ ಮುಗಿದಳು. ಬಾಗಿಲಲ್ಲಿ ಬಸ್ಸಿಗೆ ಕಾಯುತ್ತಿದ್ದ ಏಳೆಂಟು ಮಂದಿ ಸೇರಿದ್ದರು. ಅವರಲ್ಲೂ ಇಬ್ಬರು ಕೈ ಮುಗಿದರು.

ಆ ಗದ್ದಲದಲ್ಲಿ ಧನುಶ್ರೀ ಮೆಲ್ಲಗೆ ಬಗ್ಗಿ ಪರದೆಯ ಮೂಲೆ ತೋರಿಸಿದಳು. "ಅಂಕಲ್, ಡೇಟ್ ಹೋಗಿದೆ ನೋಡಿ. ಎಂಬತ್ತನೇ ಇಸವಿ ಜನವರಿ ಒಂದು ಅಂತಿದೆ. ಒಳಗಿನ ಸೆಲ್ ಏನಾದ್ರೂ ತೆಗೆದಿದ್ರಾ?"

ಚಿತ್ತಪ್ಪನಿಗೆ ಎಲ್ಲ ಅರ್ಥವಾಯಿತು. ಮಾಯಣ್ಣನ ಎರಡು ರೂಪಾಯಿ! ಕಂಪ್ಯೂಟರಿಗೆ ಕಾಲಜ್ಞಾನ ಬಂದಿರಲಿಲ್ಲ, ಸೆಲ್ಲು ಕಿತ್ತಾಗ ಅದರ ಗಡಿಯಾರ ಎಂಬತ್ತನೇ ಇಸವಿಗೆ ಹೋಗಿಬಿಟ್ಟಿತ್ತು. ಹೇಳಿಬಿಡೋಣವೆಂದು ಅವನು ಬಾಯಿ ತೆರೆದ.

"ಈಗ ಹೇಳ್ಬೇಡಿ ಅಂಕಲ್" ಎಂದಳು ಧನುಶ್ರೀ. ಅವಳ ಕಣ್ಣಲ್ಲಿ ನೀರಾಡುತ್ತಿತ್ತು. "ಹೊಂದಾಣಿಕೆಗೂ ಇವತ್ತಿನ ಡೇಟಿಗೂ ಸಂಬಂಧ ಇಲ್ಲ, ಅದು ಸರಿಯಾಗೇ ಬರುತ್ತೆ. ಆದ್ರೆ ಒಂದು ತಪ್ಪು ಅಂತ ಗೊತ್ತಾದ್ರೆ ಅಮ್ಮ ಇನ್ನೊಂದನ್ನೂ ನಂಬಲ್ಲ. ಮೂರನೇ ಜೋಯಿಸರ ಹತ್ರ ಹೋಗ್ತಾಳೆ. ಅರುಣ್ ಮನೆಯವರು ಎರಡು ತಿಂಗಳಿಂದ ಕಾಯ್ತಿದ್ದಾರೆ."

ಚಿತ್ತಪ್ಪ ಬಾಯಿ ಮುಚ್ಚಿದ. ಎರಡನೇ ಹಾಳೆ ಒತ್ತಿದ. ಮೂವತ್ತಾರು ಗುಣಗಳಲ್ಲಿ ಇಪ್ಪತ್ತಾರು ಕೂಡಿದ್ದವು; ವಿವಾಹ ಉತ್ತಮ.

"ಮುಗೀತು. ಇದೇ ಹುಡುಗ" ಎಂದಳು ಹೊಂಬಾಳಮ್ಮ. ಧನುಶ್ರೀ ಗೋಡೆಗೊರಗಿ ಉಸಿರು ಬಿಟ್ಟಳು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಹೊಂಬಾಳಮ್ಮ ಕುರ್ಚಿಯಿಂದೇಳಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, "ಚಿತ್ತಪ್ಪಾ, ನಮ್ ಮದ್ವೇಲಿ ಜಾತ್ಕ ನೋಡಿರ್ಲಿಲ್ಲ. ಬರೀ ತೋಟ ನೋಡಿದ್ರು. ನಂದೂ ಇವ್ರದ್ದೂ ಹಾಕು, ನೋಡುವ" ಎಂದಳು.

ರಂಗರಾಜು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ದಾರಿ ತುಂಬ ಜನವಿದ್ದರು.

ಹಾಳೆ ಬಂತು. ಈ ಸಲ ಈರಣ್ಣನೇ ಓದಿದ. "ಮೂವತ್ತಾರಕ್ಕೆ... ಐದು. ವಿವಾಹ ಯೋಗ್ಯವಲ್ಲ."

ಚಿತ್ತಪ್ಪ ಕಣ್ಣು ಮುಚ್ಚಿಕೊಂಡ. ಈಗ ಆಕಾಶ ಕಳಚಿ ಬೀಳುತ್ತದೆಂದು ಎಲ್ಲರೂ ಕಾದರು. ಬೀಳಲಿಲ್ಲ.

"ಐದಾ!" ಎಂದಳು ಹೊಂಬಾಳಮ್ಮ, ನಿಧಾನವಾಗಿ. ಆಕೆಯ ಮುಖದಲ್ಲಿ ಎಂದೂ ಕಾಣದ ಒಂದು ನೆಮ್ಮದಿ ಮೂಡಿತು. "ಇಪ್ಪತ್ತಾರು ವರ್ಷದಿಂದ ನಾನು ಬಡ್ಕೊತಿದ್ದಿದ್ದು ಇದನ್ನೇ ಅಲ್ವಾ? ಏನೋ ಕೂಡಲ್ಲ, ಏನೋ ಕೂಡಲ್ಲ ಅಂತ. ಯಾರು ನಂಬಿದ್ರು?" ಆಮೇಲೆ ಗಂಡನನ್ನು ನೋಡಿ ದನಿ ಮೆತ್ತಗೆ ಮಾಡಿದಳು. "ಪಾಪ, ಇವ್ರಾದ್ರೂ ಏನ್ ಮಾಡ್ತಾರೆ. ಮೇಲಿಂದ್ಲೇ ಐದು."

ಆಗ ಕ್ರಾಸಿನ ಜನ ರಂಗರಾಜುವಿನ ದನಿಯನ್ನು ಮೊದಲ ಸಲ ಕೇಳಿದರು. "ಹಂಗಾದ್ರೆ ನಂದೇನೂ ತಪ್ಪಿಲ್ಲ?"

"ಗ್ರಹಗಳದ್ದು ಕಣ್ರೀ. ನಿಮ್ದೇನೈತೆ."

"ಮಾಯಣ್ಣ, ಎಲ್ರಿಗೂ ಟೀ ಕೊಡಪ್ಪಾ!" ಎಂದು ರಂಗರಾಜು ಕೂಗಿದರು. ಛತ್ರಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಆಕೆ ಹಿಡಿದುಕೊಂಡಳು!

ಇದನ್ನು ಕಣ್ಣಾರೆ ಕಂಡ ಗಂಡಸರಲ್ಲಿ ಒಂದು ಸಂಚಲನ ಉಂಟಾಯಿತು. ಈರಣ್ಣ ಎರಡೇ ಹಾರಿಗೆ ಹಿತ್ತಲು ದಾಟಿ ಹೆಂಡತಿ ಚಿಕ್ಕಗೌರಮ್ಮನನ್ನು, ಕೈಯ ರಾಗಿಹಿಟ್ಟನ್ನೂ ತೊಳೆಯಲು ಬಿಡದೆ, ಎಳೆದುಕೊಂಡು ಬಂದ. ಒಂಬತ್ತು ಗುಣ. "ನೋಡ್ದಾ? ನಾನು ಕುಡಿಯೋದಲ್ಲ, ನಮ್ ನಾಡೀನೇ ಕೂಡಿಲ್ಲ!" ಎಂದು ಅವಳ ಮುಂದೆ ಹಾಳೆ ಹಿಡಿದ. ಚಿಕ್ಕಗೌರಮ್ಮ ಹಾಳೆಯನ್ನು ಕಣ್ಣಿಗೊತ್ತಿಕೊಂಡು, "ಅಯ್ಯೋ, ಸುಮ್ನೆ ಬೈಯ್ದೆ ಕಣ್ರೀ ನಿಮ್ಮನ್ನ" ಎಂದಳು. ಮಾಯಣ್ಣನಿಗೂ ಅವನ ಹೆಂಡತಿ ಅಂಕಮ್ಮನಿಗೂ ಹನ್ನೊಂದೂವರೆ. ಅರ್ಧ ಗುಣ ಎಲ್ಲಿಂದ ಬಂತೆಂದು ಇಬ್ಬರೂ ಬೆರಗಾಗಿ, ಎಷ್ಟೋ ವರ್ಷಗಳ ನಂತರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಳಿಯಾರು ಬಸ್ಸಿನ ಡ್ರೈವರು ಎಂಜಿನ್ ಆರಿಸದೆಯೇ ಇಳಿದು ಬಂದು, ಹೆಂಡತಿಯ ನಕ್ಷತ್ರ ಗೊತ್ತಿಲ್ಲದೆ ಅವಳಿಗೇ ಫೋನು ಮಾಡಿದ. "ಹದಿನೈದು ವರ್ಷಕ್ಕೆ ಈಗ ಬೇಕಾಯ್ತಾ?" ಎಂದು ಆ ಕಡೆಯಿಂದ ಬಂದ ದನಿ ಬಸ್ಸಿನೊಳಗಿನ ಪ್ಯಾಸೆಂಜರುಗಳಿಗೂ ಕೇಳಿಸಿತು.

ಚಿತ್ತಪ್ಪ ಕುಟ್ಟುತ್ತಿದ್ದ, ಪ್ರಿಂಟರು ಉಗುಳುತ್ತಿತ್ತು, ಲಾಕು ಒಳಗೆ ಅಲುಗದೆ ಬೆಳಗುತ್ತಿತ್ತು. ಒಂದೊಂದು ಹಾಳೆ ಬಂದಾಗಲೂ ಒಬ್ಬೊಬ್ಬ ಗಂಡಸು ಬೆನ್ನಿನಿಂದ ಕಲ್ಲಿನ ಮೂಟೆ ಇಳಿಸಿದವನಂತೆ ಎದ್ದು ಹೋಗುತ್ತಿದ್ದ. ಒಂದು ಹಸಿರು ಕಾರ್ಡು, ಐದು ಕಿಂಡಿ, ಒಂದು ಮಧ್ಯಾಹ್ನಕ್ಕೆ ಎಷ್ಟು ಸಂಸಾರಗಳಿಗೆ ತಂಪೆರೆಯಿತು! ನೋಡುತ್ತ ನೋಡುತ್ತ ಚಿತ್ತಪ್ಪನಿಗೂ ಆಸೆಯಾಯಿತು.

ಅಷ್ಟರಲ್ಲೇ ಹೆಂಡತಿ ಯಮುನಾ ಊಟದ ಕ್ಯಾರಿಯರ್ ಹಿಡಿದು ಬಂದಳು. ಮೂರು ಗಂಟೆಯಾಗಿತ್ತು. ಅವಳ ಮುಖ ನೋಡಿದರೆ ಸಾರು ಆರಿದ್ದರೂ ಅವಳು ಆರಿಲ್ಲವೆಂದು ತಿಳಿಯುತ್ತಿತ್ತು. ಹೆಂಗಸರೆಲ್ಲ ಸೇರಿ ಅವಳಿಗೆ ನಡೆದದ್ದನ್ನು ಹೇಳಿದರು.

"ಹಂಗಾದ್ರೆ ನಮ್ದೂ ಹಾಕಿ, ನೋಡನ" ಎಂದಳು ಯಮುನಾ, ಕ್ಯಾರಿಯರನ್ನು ಕಂಪ್ಯೂಟರಿನ ಪಕ್ಕ ಕುಕ್ಕಿ.

ಚಿತ್ತಪ್ಪ ಸಂತೋಷದಿಂದಲೇ ಕುಟ್ಟಿದ. ಕುಟ್ಟುತ್ತ ಮನಸ್ಸಿನಲ್ಲೇ ಹರಕೆ ಹೊತ್ತ: ಐದೇ ಆಗಬೇಕೆಂದಿಲ್ಲ, ಹತ್ತರೊಳಗೆ ಬರಲಪ್ಪಾ. ಹದಿನೆಂಟು ವರ್ಷದ ದೂರುಗಳೆಲ್ಲ ಗ್ರಹಗಳ ತಲೆಗೆ ಹೋಗಲಿ.

ಪರದೆಯ ಮೇಲೆ ಎಂಟು ಕೂಟಗಳು ಒಂದೊಂದಾಗಿ ಮೂಡತೊಡಗಿದವು. ವರ್ಣ, ಒಂದಕ್ಕೆ ಒಂದು. ಇರಲಿ. ವಶ್ಯ, ಎರಡಕ್ಕೆ ಎರಡು. ತಾರೆ, ಮೂರಕ್ಕೆ ಮೂರು. ಯೋನಿ, ನಾಲ್ಕಕ್ಕೆ ಮೂರು. ಗ್ರಹಮೈತ್ರಿ, ಐದಕ್ಕೆ ಐದು. ಇದು ಎಲ್ಲಿಗೆ ಹೊರಟಿದೆಯೆಂದು ಅವನಿಗೆ ಕಂಡುಹೋಯಿತು. ಸಂಬಂಧವಿಲ್ಲದವನಂತೆ ಮುಖ ಮಾಡಿಕೊಂಡು ಡಬ್ಬದ ಹಿಂದಕ್ಕೆ ಕೈ ಹಾಕಿ ಲಾಕಿಗಾಗಿ ತಡಕಿದ. ಕಿತ್ತುಬಿಟ್ಟರೆ ಒಂಬತ್ತು ಗ್ರಹಗಳೂ ಮಾಯ. ಕೈಗೆ ಸಿಕ್ಕಿದ್ದು ಖಾಲಿ ಕಿಂಡಿಗಳು ಮಾತ್ರ. ಲಾಕು ಒಳಗಿತ್ತು, ಯಾರೂ ಮುಟ್ಟಬಾರದ ಜಾಗದಲ್ಲಿ, ತಲೆ ಸವೆದ ಸ್ಕ್ರೂಗಳ ಹಿಂದೆ.

ಪ್ರಿಂಟರು ಗುರ್ ಎಂದಿತು. ಯಮುನಾ ಹಾಳೆ ಕಿತ್ತುಕೊಂಡು ಓದಿದಳು.

"ಮೂವತ್ತಾರಕ್ಕೆ ಮೂವತ್ತನಾಲ್ಕು. ಅತ್ಯುತ್ತಮ. ದಂಪತಿಗಳು ಅನ್ಯೋನ್ಯವಾಗಿ, ಒಬ್ಬರ ಮನಸ್ಸನ್ನೊಬ್ಬರು ಅರಿತು ಬಾಳುವರು."

ಜನ "ಆಹಾ" ಎಂದರು. ಯಮುನಾ ಹಾಳೆಯನ್ನು ಮೇಜಿನ ಮೇಲೆ ಬಡಿದಳು.

"ಸುಳ್ಳು! ಶುದ್ಧ ಸುಳ್ಳು ಈ ಡಬ್ಬ! ಒಬ್ಬರ ಮನಸ್ಸೊಬ್ಬರು ಅರಿಯೋದಾ? ಹಿತ್ತಲ ನಲ್ಲಿ ಸೋರ್ತೈತೆ ಅಂತ ಮೂರು ವರ್ಷದಿಂದ ಹೇಳ್ತಿವ್ನಿ, ಅದನ್ನೇ ಅರಿತಿಲ್ಲ! ನಮ್ಮಕ್ಕನ ಮನೆಗೆ ಕರ್ಕೊಂಡೋಗ್ರೀ ಅಂದ್ರೆ ಗುರುವಾರ ಅಂತಾರೆ, ಯಾವ ಗುರುವಾರ ಅಂತ ಹೇಳಲ್ಲ. ಒಂದು ದಿನ ಜೊತೇಲಿ ಕೂತು ಉಂಡವ್ರಾ, ಕೇಳಿ! ಮೂವತ್ನಾಲ್ಕಂತೆ!"

ಹೊಂಬಾಳಮ್ಮನ ಹುಬ್ಬು ಗಂಟಿಕ್ಕಿತು. ಕೈಯಲ್ಲಿದ್ದ ಮಗಳ ಹಾಳೆಯನ್ನು ಬಿಡಿಸಿ ನೋಡಿದಳು. "ಡಬ್ಬ ಸುಳ್ಳಾ? ಹಂಗಾದ್ರೆ ಈ ಇಪ್ಪತ್ತಾರೂ...?"

ಧನುಶ್ರೀಯ ಮುಖ ಬಿಳಿಚಿತು. ಆದರೂ ಹುಡುಗಿ ಗಟ್ಟಿಗಿತ್ತಿ. "ಡಬ್ಬ ಸುಳ್ಳಾದ್ರೆ ನಿಮ್ದು ಐದೂ ಸುಳ್ಳೇ ಅಲ್ವೇನಮ್ಮ?" ಎಂದಳು.

ರಂಗರಾಜುವಿನ ಟೀ ಲೋಟ ಬಾಯಿ ಮುಟ್ಟುವ ಮುಂಚೆ ನಿಂತಿತು. ಈರಣ್ಣ ತನ್ನ ಒಂಬತ್ತನ್ನು ಜೇಬಿನೊಳಗೆ ಅವುಚಿ ಹಿಡಿದ. ಚಿಕ್ಕಗೌರಮ್ಮ ಅವನ ಕಡೆ ತಿರುಗಿ ಸೊಂಟಕ್ಕೆ ಕೈ ಕೊಡುತ್ತಿದ್ದಳು. ಎಲ್ಲರೂ ಚಿತ್ತಪ್ಪನನ್ನು ನೋಡಿದರು.

"ನೀನೇ ಹೇಳಯ್ಯಾ" ಎಂದಳು ಹೊಂಬಾಳಮ್ಮ. "ನಿನ್ ಕಂಪ್ಯೂಟ್ರು ನಿಜ ಹೇಳ್ತದಾ, ಸುಳ್ಳು ಹೇಳ್ತದಾ?"

ಒಂದು ಮಾತು ಸಾಕಿತ್ತು. ಗಡಿಯಾರ ಹೋಗಿದೆ ಅಮ್ಮಾ, ಇವತ್ತು ಇದು ಹೇಳಿದ್ದನ್ನೆಲ್ಲ ಬಿಟ್ಟುಹಾಕಿ ಎಂದರೆ ಮೂವತ್ತನಾಲ್ಕೂ ಹೋಗುತ್ತಿತ್ತು, ಹೆಂಡತಿಯ ಮುಂದೆ ಅವನ ಮಾನವೂ ಉಳಿಯುತ್ತಿತ್ತು. ಚಿತ್ತಪ್ಪ ಬಾಯಿ ತೆರೆದ. ಹೊಂಬಾಳಮ್ಮನ ಭುಜದ ಹಿಂದೆ ಹುಡುಗಿಯ ಎರಡು ಕಣ್ಣುಗಳು ಅವನನ್ನೇ ನೋಡುತ್ತಿದ್ದವು, ರೆಪ್ಪೆ ಬಡಿಯುತ್ತಿರಲಿಲ್ಲ.

ಅವನು ಡಬ್ಬದ ಮೇಲೆ ಅಂಗೈಯಿಟ್ಟ.

"ನಿಜಾನೇ ಹೇಳ್ತದೆ ಅಮ್ಮ. ಅದಕ್ಕೆ ಸುಳ್ಳು ಹೇಳಾಕೆ ಬರಾಕಿಲ್ಲ."

ಅಂಗಡಿಯ ತುಂಬ ಉಸಿರು ಸಡಿಲಿತು. ಹೊಂಬಾಳಮ್ಮ ಮಗಳ ಹಾಳೆಯನ್ನು ಮತ್ತೆ ಮಡಿಸಿದಳು. ಆಮೇಲೆ ಪಂಚಾಯ್ತಿಯಲ್ಲಿ ತೀರ್ಪು ಕೊಡುವವಳಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಸರಿ ಹಂಗಾದ್ರೆ. ಡಬ್ಬ ನಿಜ. ಯಮುನಾ, ನೀನು ಹೇಳಿದ್ದೂ ನಿಜ. ನಮ್ದೆಲ್ಲಾ ಐದು, ಒಂಬತ್ತು, ಹನ್ನೊಂದು. ನಮ್ ಗಂಡಂದ್ರು ಪಾಪ, ಗ್ರಹಗಳನ್ನ ಕಟ್ಕೊಂಡು ಒದ್ದಾಡವ್ರೆ. ಆದ್ರೆ ಮೂವತ್ನಾಲ್ಕು ಕೂಡಿ, ಆಕಾಶದಲ್ಲಿರೋ ಎಲ್ಲಾ ಗ್ರಹಗಳೂ ಹೆಗಲು ಕೊಟ್ಟು, ಆಮೇಲೂ ಒಂದು ನಲ್ಲಿ ರಿಪೇರಿ ಆಗಿಲ್ಲ ಅಂದ್ರೆ..." ಆಕೆ ಕನ್ನಡಕದ ಮೇಲಿಂದ ಚಿತ್ತಪ್ಪನನ್ನು ನೋಡಿದಳು. "ಅದು ಗ್ರಹಗಳ ತಪ್ಪಲ್ಲ ಕಣವ್ವ. ಮನುಷ್ಯಂದು."

"ಹೌದೌದು" ಎಂದರು ಜನ. ಎಲ್ಲರಿಗಿಂತ ಜೋರಾಗಿ ಅಂದವನು ಈರಣ್ಣ.

ನಾಲ್ಕೂಕಾಲಿನ ಬಸ್ಸು ಬಂತು. ರಂಗರಾಜು ಕೈಬೀಸಿಕೊಂಡು ಮುಂದೆ ಹತ್ತಿದರು. ಹಿಂದೆ ಹೊಂಬಾಳಮ್ಮ, ಛತ್ರಿಯೊಂದಿಗೆ. ಧನುಶ್ರೀ ಮೆಟ್ಟಿಲ ಮೇಲೆ ನಿಂತು ಚಿತ್ತಪ್ಪನ ಕಡೆ ತಿರುಗಿ ತಲೆಬಾಗಿ ಕೈ ಮುಗಿದಳು. ಉಳಿದ ಗಂಡಸರು ತಮ್ಮ ತಮ್ಮ ಹಾಳೆಗಳನ್ನು ಮಡಿಸಿ ಎದೆಜೇಬಿನಲ್ಲಿಟ್ಟುಕೊಂಡು, ಕಂಪ್ಯೂಟರಿಗೆ ಇನ್ನೊಮ್ಮೆ ನಮಸ್ಕರಿಸಿ, ನಿರಪರಾಧಿಗಳಾಗಿ ಚದುರಿದರು. ಇಡೀ ಕ್ರಾಸಿನಲ್ಲಿ ಈಗ ಹೇಳಿಕೊಳ್ಳಲು ಒಂದು ನೆಪವೂ ಇಲ್ಲದ ಗಂಡ ಒಬ್ಬನೇ ಉಳಿದಿದ್ದ.

ಯಮುನಾ ಮೂವತ್ತನಾಲ್ಕರ ಹಾಳೆಯನ್ನು ನೀಟಾಗಿ ನಾಲ್ಕು ಮಡಿಕೆ ಮಡಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಮುಟ್ಟದ ಕ್ಯಾರಿಯರನ್ನು ಎತ್ತಿ ಗಂಡನ ಕೈಗೆ ಕೊಟ್ಟಳು.

"ನಡೀರಿ ಮನೆಗೆ" ಎಂದಳು. "ಗ್ರಹಗಳು ಮಾಡ್ಬೇಕಾದ್ದೆಲ್ಲಾ ಮಾಡಿ ಮುಗಿಸವೆ. ಇನ್ನು ನಿಮ್ಮೊಬ್ರದ್ದೇ ಬಾಕಿ."